ಪಟ್ಟಿಯಲ್ಲೂ ಮೀಸಲಾತಿಯಾ?

ನಾನು ಜಾಸ್ತಿ ಕೇಳುವುದು ಅಮೆರಿಕದ ಕಪ್ಪು ಕಲಾವಿದರ ಸಂಗೀತ. ಸೋಲ್, ಜಾಝ್, ಗಾಸ್ಪೆಲ್, ಸ್ವಲ್ಪ ಹಿಪ್ ಹಾಪ್. ಇದು ಗೊತ್ತಿರುವವರೆಲ್ಲ, ನಮ್ಮ ಭಾವನೂ ಸೇರಿ, ಕಾಫಿ ಲೋಟ ಅರ್ಧ ಖಾಲಿಯಾಗುವ ಹೊತ್ತಿಗೆ ಕೇಳುವ ಪ್ರಶ್ನೆ ಒಂದೇ: “ಈಗಿನ ಬೆಸ್ಟ್ ಆಲ್ಬಂ ಪಟ್ಟಿಗಳಲ್ಲೆಲ್ಲ ಇವರೇ ಮೇಲಿರ್ತಾರಲ್ಲ, ಅದೂ ಒಂಥರಾ ಮೀಸಲಾತಿ ಅಲ್ವಾ? ನಿಜವಾಗಿ ಯಾವುದಿರಬೇಕು ಹೇಳು.”

ಮೀಸಲಾತಿ ಅನ್ನುವ ಮಾತನ್ನು ಬೈಗುಳದ ಹಾಗೆ ಬಳಸುವುದು ನನಗೆ ಹಿಡಿಸಲ್ಲ. ಇರಲಿ, ಅದು ಬೇರೆ ಜಗಳ.

ಈ ಗೊಣಗಾಟ ಶುರುವಾಗಿದ್ದು ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್‌ನ 500 ಆಲ್ಬಂಗಳ ಪಟ್ಟಿಯಿಂದ. 2003ರಲ್ಲಿ ಅದು ಮೊದಲು ಬಂದಾಗ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪರ್ಸ್’ ಒಂದನೆಯದು, ಮಾರ್ವಿನ್ ಗೇ ಹಾಡಿದ ‘ವಾಟ್ಸ್ ಗೋಯಿಂಗ್ ಆನ್’ ಆರನೆಯದು. 2020ರಲ್ಲಿ ಹೊಸದಾಗಿ ಓಟು ಹಾಕಿಸಿದಾಗ ಮಾರ್ವಿನ್ ಗೇ ಒಂದಕ್ಕೆ ಏರಿದ, ‘ಸಾರ್ಜೆಂಟ್ ಪೆಪರ್ಸ್’ 24ಕ್ಕೆ ಇಳಿಯಿತು. 300ರ ಆಚೆ ಇದ್ದ ಗಾಯಕಿ ಲಾರಿನ್ ಹಿಲ್ ಹತ್ತನೇ ಸ್ಥಾನಕ್ಕೆ ಬಂದಳು. ಬೀಟಲ್ಸ್‌ನ ಇನ್ನೊಂದು ಆಲ್ಬಂ ಐದರಲ್ಲೇ ಇದೆ, ಆದರೂ ಅಳುವವರು ಅಳುತ್ತಲೇ ಇದ್ದಾರೆ.

ಬಣ್ಣ ನೋಡಿ ಕೊಟ್ಟಿದ್ದರೆ ಎಲ್ಲ ಕಪ್ಪು ಕಲಾವಿದರೂ ಮೇಲೆ ಹೋಗಬೇಕಿತ್ತು. ಹಾಗಾಗಲಿಲ್ಲ. ಜಾಝ್‌ನ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ 12ರಿಂದ 31ಕ್ಕೆ ಬಿತ್ತು. ರಾಕ್ ಆಂಡ್ ರೋಲ್‌ನ ಚಕ್ ಬೆರಿ 21ರಿಂದ 51ಕ್ಕೆ. ಬದಲಾದದ್ದು ಓಟು ಹಾಕಿದವರು. ಈ ಸಲ 300ಕ್ಕೂ ಹೆಚ್ಚು ಜನ, ಬಿಯಾನ್ಸೆಯಂಥ ಗಾಯಕಿಯರೂ ಸೇರಿ, ತಲಾ 50 ಆಲ್ಬಂ ಬರೆದುಕೊಟ್ಟರು. ಮೊದಲು ಯಾರ ಕಿವಿಗೆ ಬೆಲೆ ಇತ್ತು ಅಂತ ತಿಳಿಯಬೇಕಾದರೆ ಪತ್ರಿಕೆ ಶುರು ಮಾಡಿದ ಯಾನ್ ವೆನ್ನರ್ ಕಡೆ ನೋಡಿ. 2023ರಲ್ಲಿ ಅವರು ರಾಕ್ ದೊಡ್ಡವರ ಸಂದರ್ಶನಗಳ ಪುಸ್ತಕ ತಂದರು. ಏಳು ಜನ, ಏಳೂ ಬಿಳಿಯ ಗಂಡಸರು. ಯಾಕೆ ಅಂತ ಕೇಳಿದರೆ, ಕಪ್ಪು ಕಲಾವಿದರೂ ಹೆಂಗಸರೂ ಆ ಮಟ್ಟಕ್ಕೆ ಮಾತಾಡಬಲ್ಲವರಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟರು. ಆಮೇಲೆ ಕ್ಷಮೆ ಕೇಳಿದರು. ರಾಕ್ ಕಲಾವಿದರನ್ನು ಗೌರವಿಸುವ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆಯ ಮಂಡಳಿಯಿಂದ ಅವರನ್ನು ತೆಗೆದೂ ಹಾಕಿದರು.

ಇನ್ನು ಮಾರ್ವಿನ್ ಗೇಗೆ ಒಂದನೇ ಸ್ಥಾನ ಸಲ್ಲುತ್ತಾ? ಸಲ್ಲುತ್ತೆ. 1971ರ ಆ ಆಲ್ಬಂ ಹಾಕಿ ನೋಡಿ. ಮೊದಲು ಹಾಡಲ್ಲ, ಪಾರ್ಟಿಗೆ ಬಂದವರು ಒಬ್ಬರನ್ನೊಬ್ಬರು ಮಾತಾಡಿಸುವ ಗದ್ದಲ. ಅದರಲ್ಲಿ ಇಬ್ಬರು ಡೆಟ್ರಾಯಿಟ್‌ನ ಅಮೆರಿಕನ್ ಫುಟ್‌ಬಾಲ್ ಆಟಗಾರರು. ಆಮೇಲೆ ಸ್ಯಾಕ್ಸೊಫೋನ್, ಅದರ ಕೆಳಗೆ ಜೇಮ್ಸ್ ಜೇಮರ್ಸನ್‌ನ ಬೇಸ್ ಗಿಟಾರ್. ಗೇಯ ದನಿ ಎರಡೆರಡು ಕೇಳಿಸುತ್ತೆ, ತನ್ನ ಜೊತೆ ತಾನೇ ಮಾತಾಡಿಕೊಂಡ ಹಾಗೆ. ಅದು ಕೈತಪ್ಪಿ ಆದದ್ದು. ಎರಡು ಸಲ ಹಾಡಿ ಬೇರೆ ಬೇರೆ ರೆಕಾರ್ಡ್ ಮಾಡಿದ್ದ. ಹೋಲಿಸಿ ನೋಡೋಣ ಅಂತ ಹೊರಟಾಗ ಎಂಜಿನಿಯರ್ ಎರಡನ್ನೂ ಒಟ್ಟಿಗೆ ಹಾಕಿಬಿಟ್ಟ. ಗೇಗೆ ಅದೇ ಇಷ್ಟವಾಯಿತು. ಅವನ ತಮ್ಮ ವಿಯೆಟ್ನಾಂ ಯುದ್ಧದಿಂದ ಬಂದು ಹೇಳಿದ್ದೆಲ್ಲ ಆ ದನಿಯಲ್ಲಿದೆ. ಅವನ ರೆಕಾರ್ಡ್ ಕಂಪನಿ ಮೋಟೌನ್‌ನ ಯಜಮಾನ ಬೆರಿ ಗೋರ್ಡಿಗೆ ಮಾತ್ರ ಶೀರ್ಷಿಕೆ ಹಾಡು ಮೊದಲು ಹಿಡಿಸಿರಲಿಲ್ಲ!

ಆದರೆ ನನ್ನ ನಿಜವಾದ ತಕರಾರು ಯಾರು ಎಷ್ಟನೆಯವರು ಅನ್ನುವುದಲ್ಲ, ‘ಆಲ್ಬಂ’ ಅನ್ನುವ ಅಳತೆಗೋಲು. ಎಲ್‌ಪಿ, ಅಂದರೆ ಹಲವು ಹಾಡು ಹಿಡಿಸುವ ದೊಡ್ಡ ಪ್ಲೇಟು, ಬಂದಿದ್ದೇ 1948ರಲ್ಲಿ. ಬ್ಲೂಸ್‌ನ ರಾಬರ್ಟ್ ಜಾನ್ಸನ್ 1936–37ರಲ್ಲಿ 29 ಹಾಡು ರೆಕಾರ್ಡ್ ಮಾಡಿದ, 1938ರಲ್ಲಿ ತೀರಿಕೊಂಡ. ಆಗ ಸುಮಾರು ಮೂರು ನಿಮಿಷಕ್ಕೆ ಮುಗಿಯುವ ಗ್ರಾಮಫೋನ್ ಪ್ಲೇಟು, ಅಷ್ಟೇ. ಅವನ ಎಲ್‌ಪಿ ಅಂತ ನಾವು ಹೇಳುವುದನ್ನು 1961ರಲ್ಲಿ ಬೇರೆಯವರು ಜೋಡಿಸಿದ್ದು. ಪಟ್ಟಿಯಲ್ಲಿರುವ ಚಕ್ ಬೆರಿಯದೂ 1982ರ ಸಂಕಲನ. ಬಿಡಿ ಹಾಡಿನಲ್ಲೇ ಬದುಕಿದವರನ್ನು ಆಲ್ಬಂ ಲೆಕ್ಕದಲ್ಲಿ ಅಳೆದರೆ ಅರ್ಧ ಚರಿತ್ರೆ ಜರಡಿಯಲ್ಲಿ ಸೋರಿಹೋಗುತ್ತೆ.

ಸರಿ, ಹೆಸರು ಹೇಳು ಅಂದರೆ ಹೇಳುತ್ತೇನೆ. ಅರೀಥಾ ಫ್ರಾಂಕ್ಲಿನ್‌ದು ಅಂದರೆ ಎಲ್ಲರೂ 1967ರ ಆಲ್ಬಂ ಹಿಡಿಯುತ್ತಾರೆ. ನಾನು 1972ರ ‘ಅಮೇಝಿಂಗ್ ಗ್ರೇಸ್’ ಅನ್ನುತ್ತೇನೆ. ಲಾಸ್ ಏಂಜಲೀಸ್‌ನ ಒಂದು ಚರ್ಚಿನಲ್ಲಿ ಎರಡು ರಾತ್ರಿ ಹಾಡಿದ್ದು. ಅವಳು ಒಂದು ಸಾಲು ಎಳೆದರೆ ಕುಳಿತ ಜನ ಸುಮ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಜಾಝ್‌ನ ಆಲಿಸ್ ಕೋಲ್ಟ್ರೇನ್‌ಳ ‘ಜರ್ನಿ ಇನ್ ಸಚ್ಚಿದಾನಂದ’ ಪಟ್ಟಿಯಲ್ಲಿ ನಾನೂರರ ಆಚೆ ಇದೆ. ಅವಳ ಹಾರ್ಪ್ ಹಿಂದೆ ತಂಬೂರಿ ಶ್ರುತಿ ಹಿಡಿದಿರುತ್ತೆ. ನಮ್ಮ ಕಿವಿಗೆ ಅದು ದೂರದ ಸಂಗೀತ ಅನ್ನಿಸುವುದೇ ಇಲ್ಲ.

ಎಲ್ಲಕ್ಕಿಂತ ಮೇಲೆ ನನಗೆ ಸೋಲ್ ಗಾಯಕ ಜೇಮ್ಸ್ ಬ್ರೌನ್‌ನ ‘ಲೈವ್ ಅಟ್ ದಿ ಅಪೊಲೊ’. ಹಳೇ ಹಾಡುಗಳ ಲೈವ್ ರೆಕಾರ್ಡ್ ಯಾರು ಕೊಳ್ತಾರೆ ಅಂತ ಕಂಪನಿಯವರು ಕೈ ಎತ್ತಿದರು. ಅವನು ಸ್ವಂತ ದುಡ್ಡು ಹಾಕಿ 1962ರ ಅಕ್ಟೋಬರ್ 24ರ ರಾತ್ರಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ಅಪೊಲೊ ಥಿಯೇಟರಿನಲ್ಲಿ ರೆಕಾರ್ಡ್ ಮಾಡಿಸಿದ. ಅದರಲ್ಲಿ ಹತ್ತು ನಿಮಿಷದ ಒಂದು ಹಾಡಿದೆ, ಎಲ್‌ಪಿಯ ಒಂದು ಬದಿಯಲ್ಲಿ ಹಿಡಿಸದೆ ಇನ್ನೊಂದು ಬದಿಗೆ ದಾಟಿದ್ದು. ಬ್ಯಾಂಡ್ ತಗ್ಗುತ್ತೆ, ಬ್ರೌನ್ ಒಂದೇ ಮಾತನ್ನು ಬೇಡುವ ಹಾಗೆ ಮತ್ತೆ ಮತ್ತೆ ಹೇಳುತ್ತಾನೆ, ಜನರ ನಡುವಿಂದ ಒಬ್ಬ ಹೆಂಗಸು ಚೀರುತ್ತಾಳೆ.

ಕಳೆದ ಸಲ ಭಾವ ಅದೇ ಹಳೇ ಪ್ರಶ್ನೆ ಎತ್ತಿದಾಗ ನಾನು ವಾದ ಮಾಡಲಿಲ್ಲ. ಅವರ ಕಾರಿನಲ್ಲಿ ಈ ಆಲ್ಬಂ ಹಾಕಿದೆ. ಅರ್ಧ ಗಂಟೆ ಚಿಲ್ಲರೆ. ಮುಗಿಯುವವರೆಗೂ ಮಾತಿಲ್ಲ.

“ಪಟ್ಟಿಯಲ್ಲಿ ಇದು ಎಷ್ಟನೇದು?” ಅಂದರು.

“2003ರಲ್ಲಿ 24. ಈಗ 65.”

“ಅರವತ್ತೈದಾ? ಯಾರಯ್ಯ ಅದು ಓಟು ಹಾಕಿದ್ದು!”