ಕೆರೆಯ ಹೂಳಿನ ಜಾಡಿಯಲ್ಲಿ ಕೊನೆಗೂ ನೇರಳೆ ಬಣ್ಣ

ಬಾಲ್ಕನಿಯ ವಿನೊಗ್ರಾಡ್ಸ್ಕಿ ಸ್ತಂಭದಲ್ಲಿ, ಅಂದರೆ ಕೆರೆಯ ಹೂಳನ್ನು ಜಾಡಿಗೆ ತುಂಬಿ ಬೆಳಕಿನಲ್ಲಿಟ್ಟು ಸೂಕ್ಷ್ಮಜೀವಿಗಳನ್ನು ಪದರ ಪದರವಾಗಿ ಬೆಳೆಸುವ ಪ್ರಯೋಗದಲ್ಲಿ, ಕೊನೆಗೂ ನೇರಳೆ ಮಚ್ಚೆಗಳು ಮೂಡಿವೆ. ಅದೂ ಜಾಡಿಯ ಒಂದು ಪಾರ್ಶ್ವದಲ್ಲಿ ಮಾತ್ರ, ಮೂಡಬೇಕೆಂದು ನಾನು ಬಯಸಿದ್ದ ಕಡೆಯಲ್ಲೇ. ಹೂಳನ್ನು ಸೋಸುವುದು, ಪತ್ರಿಕೆಯ ಚೂರು, ಮೊಟ್ಟೆಯ ಚಿಪ್ಪಿನ ಪುಡಿ ಮತ್ತು ಜಿಪ್ಸಮ್ ಬೆರೆಸುವುದು, ಗುಳ್ಳೆ ಉಳಿಯದಂತೆ ಜಾಡಿಗೆ ತುಂಬುವುದು, ಇವೆಲ್ಲ ಈ ಹವ್ಯಾಸದವರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ಅವುಗಳನ್ನು ಬಿಟ್ಟು ನೇರವಾಗಿ ಸಮಸ್ಯೆಗೆ ಬರುತ್ತೇನೆ. ಕಪ್ಪು ಪದರ ಬಂದಿತ್ತು, ಮೇಲೆ ಪಾಚಿಯ ಹಸಿರೂ ಬಂದಿತ್ತು, ಜಾಡಿಯನ್ನು ಮನೆಯೊಳಗಿನಿಂದ ಗಡೀಪಾರು ಮಾಡಿಸುವಷ್ಟು ಕೊಳೆತ ಮೊಟ್ಟೆಯ ವಾಸನೆಯೂ ಒಮ್ಮೆ ಬಂದಿತ್ತು. ಬೆಳಕು ಮತ್ತು ಸಲ್ಫೈಡ್ ಎರಡನ್ನೂ ಬಳಸಿ ಬದುಕುವ ನೇರಳೆ ಗಂಧಕ ಬ್ಯಾಕ್ಟೀರಿಯಾ ಮಾತ್ರ ಮುಖ ತೋರಿಸಿರಲಿಲ್ಲ.

ಮೊದಲ ಸಂಶಯ ಹೋದದ್ದು ಹೂಳಿನ ಮೇಲೆ. ನಮ್ಮ ಕಡೆಯ ಕೆರೆಗಳಿಗೆ ಹರಿದು ಬರುವುದು ಕೆಮ್ಮಣ್ಣು, ಅಂದರೆ ಕಬ್ಬಿಣದ ಆಕ್ಸೈಡ್ ಧಾರಾಳವಾಗಿರುವ ಮಣ್ಣು. ತಳದಲ್ಲಿ ಡಿಸಲ್ಫೊವಿಬ್ರಿಯೊದಂತಹ ಬ್ಯಾಕ್ಟೀರಿಯಾ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸಿದ ತಕ್ಷಣ ಆ ಕಬ್ಬಿಣ ಅದನ್ನು ಹಿಡಿದು ಕಪ್ಪು ಐರನ್ ಸಲ್ಫೈಡ್ ಆಗಿಬಿಡುತ್ತದೆ. ಜಾಡಿ ಕಪ್ಪಾದುದನ್ನು ನೋಡಿ ನಾವು ಹಿಗ್ಗುತ್ತೇವೆ. ಆದರೆ ನೇರಳೆ ಬ್ಯಾಕ್ಟೀರಿಯಾಗೆ ಬೇಕಾದದ್ದು ಕಬ್ಬಿಣದ ಕೈಗೆ ಸಿಗದೆ ಉಳಿದ ಸಲ್ಫೈಡ್. ಗದ್ದೆಯಲ್ಲಿ ಇದೇ ಕಬ್ಬಿಣ ಉಪಕಾರಿ: ನೀರು ನಿಂತ ಮಣ್ಣಿನಲ್ಲಿ ಸಲ್ಫೈಡನ್ನು ಕಟ್ಟಿಹಾಕಿ ಭತ್ತದ ಬೇರನ್ನು ಅದರ ವಿಷದಿಂದ ಕಾಪಾಡುತ್ತದೆ. ನನ್ನ ಜಾಡಿಯಲ್ಲಿ ಭತ್ತವಿಲ್ಲದ ಕಾರಣ, ಕಬ್ಬಿಣ ಹಿಡಿದೂ ಮಿಗುವಷ್ಟು ಸಲ್ಫೈಡ್ ಹುಟ್ಟಲೆಂದು ಸಲ್ಫೇಟ್ ಒದಗಿಸುವ ಜಿಪ್ಸಮ್ಮನ್ನೂ ಬ್ಯಾಕ್ಟೀರಿಯಾಗೆ ಆಹಾರವಾಗುವ ಕಾಗದವನ್ನೂ ಹೆಚ್ಚಿಸಿದೆ. ಅದೇ ಮಿಶ್ರಣದ ಇನ್ನೊಂದು ಸೀಸೆಯನ್ನು ಕತ್ತಲಲ್ಲಿಟ್ಟು, ಮುಚ್ಚಳದ ಒಳಗೆ ಹಳೆಯ ಬೆಳ್ಳಿ ಗೆಜ್ಜೆಯ ತುಂಡನ್ನು ತೂಗುಹಾಕಿದಾಗ ಅದು ಕಪ್ಪಗಾಯಿತು. ಸಲ್ಫೈಡ್ ಬಿಡುಗಡೆಯಾಗುತ್ತಿದೆ ಎಂಬುದು ಖಚಿತವಾಯಿತು. ಆದರೂ ನೇರಳೆ ಬರಲಿಲ್ಲ.

ಹಾಗಾದರೆ ಉಳಿದದ್ದು ಬೆಳಕು. ಬಾಲ್ಕನಿಗೆ ಬಿಸಿಲು ಬೀಳದ ಕಾರಣ ನಾನು ಬಿಳಿ ಎಲ್‌ಇಡಿ ಪಟ್ಟಿಯನ್ನು ಕಟ್ಟಿದ್ದೆ. ಕಣ್ಣಿಗೆ ಅದು ಹಗಲಿನಂತೆಯೇ ಕಾಣುತ್ತದೆ. ಆದರೆ ಅದರ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೊಮೀಟರ್‌ನೊಳಗೇ ಮುಗಿಯುತ್ತದೆ. ಅಷ್ಟೂ ಪಾಚಿಯ ಮತ್ತು ಪಾಚಿಯಂತೆಯೇ ಬೆಳಕುಣ್ಣುವ ಸಯನೋಬ್ಯಾಕ್ಟೀರಿಯಾದ ಪಾಲು. ನೇರಳೆ ಬ್ಯಾಕ್ಟೀರಿಯಾದಲ್ಲಿ ಬೆಳಕನ್ನು ಹೀರುವ ಬ್ಯಾಕ್ಟೀರಿಯೊಕ್ಲೋರೊಫಿಲ್ ಎಂಬ ವರ್ಣದ್ರವ್ಯ ಬಯಸುವುದು 800ರಿಂದ 900ರ ಆಸುಪಾಸಿನ, ಕಣ್ಣಿಗೆ ಕಾಣದ ಅವಗೆಂಪನ್ನು (ಇನ್‌ಫ್ರಾರೆಡ್). ಕೆರೆಯಲ್ಲಿ ಮೇಲಿನ ಪಾಚಿ ಕಣ್ಣಿಗೆ ಕಾಣುವ ಬೆಳಕನ್ನು ಹೀರಿ ಇದನ್ನು ಕೆಳಗೆ ಬಿಡುತ್ತದೆ. ಪಾಚಿ ಉಂಡು ಬಿಟ್ಟ ಎಲೆಯಲ್ಲೇ ಇವುಗಳ ಊಟ. ಕ್ಯಾರೊಟಿನಾಯ್ಡ್ ಎಂಬ ಇತರ ವರ್ಣದ್ರವ್ಯಗಳ ನೆರವಿನಿಂದ ನೀಲಿ-ಹಸಿರು ಬೆಳಕನ್ನೂ ಇವು ಬಳಸಬಲ್ಲವು, ಆದರೆ ಪಾಚಿಯೊಡನೆ ಆ ಪೈಪೋಟಿಯಲ್ಲಿ ಗೆಲ್ಲುವುದು ಕಷ್ಟ.

ತಂತಿಯ ಹಳೆಯ ಬಲ್ಬಿನಲ್ಲಿ ಅವಗೆಂಪು ಬೇಕಾದಷ್ಟಿದೆ, ಆದರೆ ಜಾಡಿ ಕಾದು ಕಷಾಯವಾದೀತು ಎಂಬ ಭಯದಿಂದ, ರಾತ್ರಿ ಸಿಸಿಟಿವಿಗೆ ಬಳಸುವ 850 ನ್ಯಾನೊಮೀಟರ್ ದೀಪವನ್ನು ತರಿಸಿದೆ. ಮುಂದಿನ ಕಿರಿಕಿರಿಯೆಲ್ಲ ಅದರದ್ದೇ. ಪೆಟ್ಟಿಗೆಯ ಮೇಲೆ 850 ಎಂದಿತ್ತು, ಅಂಗಡಿಯವರೂ ಹಾಗೆಯೇ ಹೇಳಿದರು, ಮೊಬೈಲ್ ಕ್ಯಾಮೆರಾದಲ್ಲಿ ದೀಪ ಚೆನ್ನಾಗಿಯೇ ಬೆಳಗುತ್ತಿತ್ತು. ಜಾಡಿಯಲ್ಲಿ ಮಾತ್ರ ಏನೂ ಆಗಲಿಲ್ಲ. ಒಂದು ರಾತ್ರಿ ಕರೆಂಟು ಹೋಗಿ ಬೀದಿಯೆಲ್ಲ ಕತ್ತಲಾದಾಗ, ಬ್ಯಾಟರಿಯಲ್ಲಿ ಉರಿಯುತ್ತಿದ್ದ ಆ ದೀಪವನ್ನು ಬರಿಗಣ್ಣಿನಿಂದ ನೋಡಿದೆ: ಏನೂ ಕಾಣಲಿಲ್ಲ. ನಿಜವಾದ 850ರ ದೀಪ ಕತ್ತಲಲ್ಲಿ ಮಂಕು ಕೆಂಪಾಗಿ ಮಿನುಗುತ್ತದೆ, 940ರದು ಮಿನುಗುವುದಿಲ್ಲ. ನನಗೆ ಬಂದದ್ದು 940, ಅಂದರೆ ಈ ಬ್ಯಾಕ್ಟೀರಿಯಾದ ಮಟ್ಟಿಗೆ ಹೆಚ್ಚುಕಡಿಮೆ ಕತ್ತಲೆಯೇ. ಬದಲಾಯಿಸಿ ಕೊಡಿ ಎಂದಾಗ, “ಎರಡೂ ನೈಟ್ ವಿಷನ್ನೇ ಅಲ್ವಾ ಸಾರ್” ಎಂಬ ಉತ್ತರ ಬಂತು. ಕಳ್ಳನನ್ನು ಹಿಡಿಯುವುದಕ್ಕೆ ಅಹುದು. ಸೂಕ್ಷ್ಮಜೀವಿಯನ್ನು ಬೆಳೆಸುವುದಕ್ಕೆ ಅಲ್ಲ.

ಬೇರೆ ಕಡೆಯಿಂದ ಸರಿಯಾದ ದೀಪ ಬಂದ ಮೇಲೆ ಪಾಚಿಯನ್ನು ದೂರವಿಡುವ ಕೆಲಸ ಉಳಿಯಿತು. ಅದಕ್ಕೆ ಹಳೆಯ ಸ್ಟುಡಿಯೊ ಒಂದರಿಂದ, ತೊಳೆದ ಕಲರ್ ನೆಗೆಟಿವ್‌ಗಳ ಪೂರ್ತಿ ಕಪ್ಪಾದ ತುದಿಗಳನ್ನು ತಂದು ಜಾಡಿಯ ಒಂದು ಪಾರ್ಶ್ವಕ್ಕೆ ಎರಡು ಪದರ ಸುತ್ತಿದೆ. ಕಲರ್ ಫಿಲ್ಮಿನ ಬಣ್ಣಗಳು ಕಾಣುವ ಬೆಳಕನ್ನು ತಡೆದು ಅವಗೆಂಪನ್ನು ಬಿಡುತ್ತವೆ; ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಕಣಗಳೇ ಉಳಿದಿರುವುದರಿಂದ ಅದು ಇದಕ್ಕೆ ಒದಗದು. ಪರೀಕ್ಷಿಸಬೇಕೆಂದರೆ ಟಿವಿ ರಿಮೋಟನ್ನು ಫಿಲ್ಮಿನ ಹಿಂದೆ ಹಿಡಿದು ಗುಂಡಿ ಒತ್ತಿ, ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಸಾಕು.

ಫಿಲ್ಮ್ ಸುತ್ತಿದ ಕಡೆಯಲ್ಲೇ ಕಪ್ಪಿನ ಮೇಲ್ಗಡೆ ನೇರಳೆ ಮೂಡಿತು. ಸುತ್ತದ ಕಡೆ ಇಂದಿಗೂ ಪಾಚಿಯದೇ ರಾಜ್ಯ. ಪಿಪೆಟ್ಟಿನಿಂದ ಒಂದು ಹನಿ ತೆಗೆದು 400 ಪಟ್ಟು ಹಿಗ್ಗಿಸಿದಾಗ, ದಪ್ಪ ಕೋಶಗಳೊಳಗೆ ಗಂಧಕದ ಕಣಗಳು ಹೊಳೆಯುತ್ತಿದ್ದವು. ಸಲ್ಫೈಡ್ ಮುಗಿದಾಗ ಅವು ಈ ದಾಸ್ತಾನನ್ನೇ ಸಲ್ಫೇಟಾಗಿಸುತ್ತವೆ, ಅದನ್ನು ತಳದ ಡಿಸಲ್ಫೊವಿಬ್ರಿಯೊದಂತಹವು ಮತ್ತೆ ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. 1880ರ ದಶಕದಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಈ ಸ್ತಂಭಕ್ಕೆ ಹೆಸರು ಕೊಟ್ಟ ವಿಜ್ಞಾನಿ ವಿನೊಗ್ರಾಡ್ಸ್ಕಿ, ಬೆಗ್ಗಿಯಟೋವಾ ಎಂಬ ಗಂಧಕ ಬ್ಯಾಕ್ಟೀರಿಯಾದೊಳಗೆ ಇಂಥ ಕಣಗಳನ್ನೇ ಹಿಂಬಾಲಿಸಿ, ನಿರವಯವ ಪದಾರ್ಥದ ಉತ್ಕರ್ಷಣದಿಂದಲೇ ಜೀವಿಯೊಂದು ಬದುಕಬಲ್ಲದೆಂದು ಕಂಡುಕೊಂಡದ್ದು. ಅವರಿಗೆ ದೀಪದ ಅಂಗಡಿಯವರ ಕಾಟವಿರಲಿಲ್ಲ.

ಉಳಿದ ಹೂಳು ಬಕೆಟ್ಟಿನಲ್ಲಿದೆ. ಅದರಲ್ಲಿ ವಿದ್ಯುತ್ ಹರಿಸಬಲ್ಲ ಬಟ್ಟೆಯಂಥ ಗ್ರಾಫೈಟ್ ಫೆಲ್ಟ್ ಹೂತು ಮಣ್ಣಿನ ಬ್ಯಾಟರಿ ಮಾಡುವ ನಕ್ಷೆ ಆಗಲೇ ಸಿದ್ಧವಾಗಿದೆ. ಕಬ್ಬಿಣದ ಆಕ್ಸೈಡಿಗೆ ಎಲೆಕ್ಟ್ರಾನ್ ದಾಟಿಸುವ ಜಿಯೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗೆ ನಮ್ಮ ಕೆಮ್ಮಣ್ಣು ತವರುಮನೆಯಾಗಬೇಕು. ಅದಕ್ಕೂ ಮುನ್ನ ಹಸಿರು ಗಂಧಕ ಬ್ಯಾಕ್ಟೀರಿಯಾದ ಪದರವೊಂದು ಬಾಕಿಯಿದೆ, ಅದಕ್ಕೆ 730ರಿಂದ 750ರ ಬೆಳಕು ಬೇಕು. ಗಿಡ ಬೆಳೆಸುವವರು ಬಳಸುವ 730ರ ದೀಪ ಸಿಗುತ್ತದೆಂದು ಒಬ್ಬರು ಒಪ್ಪಿಕೊಂಡಿದ್ದಾರೆ. ಕತ್ತಲ ಕೋಣೆಯಲ್ಲಿ ಉರಿಸಿ ನೋಡಿದ ಮೇಲೆಯೇ ಹಣ ಕೊಡುವುದೆಂದು ಈ ಸಲ ಮೊದಲೇ ಹೇಳಿದ್ದೇನೆ.