ನೀರಿಗಾಗಿ ಮೂರು ದಿನ ಸೈಕಲ್: ಶಿವಮೊಗ್ಗ, ಆಗುಂಬೆ, ಶೃಂಗೇರಿ ಸುತ್ತು

ಡಿಸೆಂಬರ್‌ನಲ್ಲಿ ನಾವು ಏಳು ಜನ ಶಿವಮೊಗ್ಗದಿಂದ ಸೈಕಲ್ ಹತ್ತಿ ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕೊಪ್ಪ ಸುತ್ತಿ ಮೂರನೇ ದಿನ ಸಂಜೆಗೆ ಮನೆ ಸೇರಿದೆವು. ಒಟ್ಟು 230 ಕಿಲೋಮೀಟರ್ ಆಸುಪಾಸು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿಸಲು ಹಣ ಕೂಡಿಸಿದ ಸವಾರಿ ಇದು. ನೀವೂ ಇಂಥದ್ದಕ್ಕೆ ಹೊರಟಿದ್ದರೆ ಸೈಕಲ್ ಸರ್ವೀಸ್ ಮಾಡಿಸುವುದಕ್ಕೂ ಮೊದಲು ಆ ಊರಿನ ನೀರು ಪರೀಕ್ಷೆ ಮಾಡಿ.

ನಾವು ಮಾಡಿದ ತಪ್ಪು ಅದೇ. ಆರ್‌ಒ ಯಂತ್ರ ಕೊಡಿಸುತ್ತೇವೆ ಎಂದು ಹೇಳಿ ಹಣ ಕೇಳಲು ಶುರು ಮಾಡಿಬಿಟ್ಟಿದ್ದೆವು. ಆಮೇಲೆ ಶಾಲೆಯ ಬಾವಿಗೆ ಹೋಗಿ ನೋಡಿದರೆ ನೀರು ತಳ ಕಾಣುವಷ್ಟು ತಿಳಿ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಪುಟ್ಟ ಬಾಟಲಿಗೆ ತುಂಬಿಸಿಟ್ಟೆವು. ಮರುದಿನಕ್ಕೆ ಮಸಿಯಂತೆ ಕಪ್ಪಾಗಿತ್ತು. ಅಂದರೆ ಕೊಳಕು ಸೇರಿದೆ, ಬ್ಯಾಕ್ಟೀರಿಯಾ ಇದೆ. ಮಲೆನಾಡಿನ ನೀರಿನಲ್ಲಿ ಸಾಮಾನ್ಯವಾಗಿ ಲವಣ ಕಡಿಮೆ. ಲವಣ ತೆಗೆಯುವ ಆರ್‌ಒ ಇಲ್ಲಿಗೆ ಬೇಕಿರಲಿಲ್ಲ. ಅದು ಒಂದಷ್ಟು ನೀರನ್ನು ಹೊರಗೆ ಚೆಲ್ಲುತ್ತದೆ, ಕರೆಂಟೂ ಬೇಕು. ಬಾವಿಗೆ ಬೇಕಾಗಿದ್ದದ್ದು ಎತ್ತರದ ಕಟ್ಟೆ, ಸುತ್ತ ಸಿಮೆಂಟಿನ ಇಳಿಜಾರು, ಮೇಲೊಂದು ಬಲೆ, ಕೊಟ್ಟಿಗೆ ಕಡೆಯಿಂದ ಹರಿದು ಬರುವ ಮಳೆನೀರಿಗೆ ಬೇರೆ ಚರಂಡಿ. ಹಣ ಕೊಟ್ಟವರಿಗೆಲ್ಲ ಮತ್ತೆ ಫೋನ್ ಮಾಡಿ ವಿಷಯ ತಿಳಿಸಿದೆವು. ಯಾರೂ ಬೇಸರಿಸಲಿಲ್ಲ.

ರಸೀದಿ ವಿಷಯ ಮೊದಲೇ ತೀರ್ಮಾನಿಸಿಕೊಳ್ಳಿ. ತೆರಿಗೆ ವಿನಾಯಿತಿ ಕೇಳುವವರಿಗೆ ಅದಕ್ಕೆಂದೇ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ (80ಜಿ ಎಂದೇ ಹೆಸರಾದದ್ದು) ಇರುವ ಟ್ರಸ್ಟಿನ ರಸೀದಿಯೇ ಆಗಬೇಕು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಇಲ್ಲ.

ಈಗ ದಾರಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಯವರೆಗೆ ತುಂಗೆ ಆಗಾಗ ಕಾಣುತ್ತಲೇ ಇರುತ್ತಾಳೆ. ಬೆಳಗಿನ ಮಂಜಿನಲ್ಲಿ ಬಸ್ಸಿನವರಿಗೆ ನೀವು ಕಾಣುವುದಿಲ್ಲ, ಹಿಂದೆ ಕೆಂಪು ದೀಪ ಇರಲೇಬೇಕು. ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ತೀರ್ಥಹಳ್ಳಿಯಲ್ಲಿ ಉಳಿಯುವ ಯೋಚನೆ ಬಿಡಿ, ಕೋಣೆ ಸಿಗುವುದು ಕಷ್ಟ. ಅಲ್ಲಿಂದ ಆಗುಂಬೆಗೆ ಮೂವತ್ತು ಕಿಲೋಮೀಟರ್ ಚಿಲ್ಲರೆ. ಎರಡು ಟ್ಯೂಬ್, ಪಂಪ್, ಚೈನ್ ಕೊಂಡಿ ಜೊತೆಗಿರಲಿ; ನಮಗೆ ಪಂಕ್ಚರ್ ಆದ ಕಡೆ ಅಂಗಡಿಯೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಹದಿನಾಲ್ಕು ತಿರುವಿನ ಘಾಟಿ ಇಳಿಯಬೇಕಾಗಿಲ್ಲ, ಶೃಂಗೇರಿ ರಸ್ತೆ ಮೇಲಿನಿಂದಲೇ ಕವಲೊಡೆಯುತ್ತದೆ.

ದಣಿವಾಯಿತೆಂದು ಕಾಡಿನಂಚಿನ ತರಗೆಲೆಯ ಮೇಲೆ ಕೂರಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಚುರುಕಾಗುವುದೂ ಸೈಕಲ್ಲಿಗೆ ಹಿತವಾದ ಡಿಸೆಂಬರ್‌ನಿಂದ ಬೇಸಿಗೆಯವರೆಗಿನ ತಿಂಗಳುಗಳಲ್ಲೇ. ಕಾಲು ಮುಚ್ಚುವ ಬಟ್ಟೆ ಹಾಕಿ, ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿ, ಸಂಜೆ ಬಿಸಿನೀರು ಸ್ನಾನ ಮಾಡಿ ಮೈ ನೋಡಿಕೊಳ್ಳಿ. ಒಂದೆರಡು ವಾರದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂದು ಡಾಕ್ಟರಿಗೆ ಮರೆಯದೆ ಹೇಳಿ.

ಆಗುಂಬೆ ಹತ್ತಿರ ಒಂದು ಮನೆಯೆದುರು ನಿಂತಾಗ ಅಜ್ಜಿಯೊಬ್ಬರು ಕೇಳದೆಯೇ ನೀರು, ಬೆಲ್ಲ ತಂದಿಟ್ಟರು. ನಮ್ಮ ಬ್ಯಾನರ್ ಓದಿಸಿ ಕೇಳಿದರು: "ಇಷ್ಟು ಮಳೆ ಹೊಯ್ಯೋ ಊರಿಗೆ ನೀರಿನ ದುಡ್ಡು ಎಂತಕ್ಕೆ ಮಾರಾಯ?" ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಜಾಗ ಅದು. ನಾನು ಬಾಯಿ ತೆರೆಯುವ ಮೊದಲೇ ಅವರ ಸೊಸೆ, "ಮಾರ್ಚಿಗೆ ಅಬ್ಬಿ ನೀರು ನೂಲಿನ ಹಾಗೆ ಆಗ್ತದಲ್ಲ ಅತ್ತೆ" ಅಂದರು. ಜೂನ್‌ನಿಂದ ಮೂರ್ನಾಲ್ಕು ತಿಂಗಳು ಸುರಿದದ್ದು ಇಳಿಜಾರಿನಲ್ಲಿ ಹರಿದು ಹೊಳೆ ಸೇರುತ್ತದೆ, ಬೇಸಿಗೆಗೆ ಬಾವಿಯ ತಳದಲ್ಲಿ ಉಳಿದದ್ದಷ್ಟೇ ಗತಿ. ಅಂಥ ಊರಿನವರ ಕೈಯಿಂದ ಚೊಂಬು ತೆಗೆದುಕೊಳ್ಳುವಾಗ ನನಗೆ ಗಂಟಲು ಕಟ್ಟಿತು.

ಕೂಡಿದ ಹಣವನ್ನೆಲ್ಲ ಕಟ್ಟಡಕ್ಕೇ ಸುರಿಯಬೇಡಿ. ಒಂದು ಪಾಲನ್ನು ನಾವು ಪರೀಕ್ಷೆಯ ಬಾಟಲಿಗೆ, ಬ್ಲೀಚಿಂಗ್ ಪೌಡರಿಗೆ ಎತ್ತಿಟ್ಟೆವು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ. ರಾತ್ರಿ ಹಾಕಿದರೆ ಬೆಳಗ್ಗೆ ಸೇದಬಹುದು. ಜವಾಬ್ದಾರಿ ಬಿಸಿಯೂಟದ ಅಕ್ಕನದು, ಅವರೇ ಮುಂದೆ ಬಂದು ಒಪ್ಪಿಕೊಂಡರು. ಜೂನ್ ಮಳೆ ಹಿಡಿದ ಮೇಲೆ ತುಂಬಿಸಿಟ್ಟ ಬಾಟಲಿಯ ಫೋಟೋ ಕಳಿಸಿದ್ದರು. ಎರಡು ದಿನ ಕಳೆದಿತ್ತು, ಕಪ್ಪಾಗಿರಲಿಲ್ಲ.