ಕೋಶ ಕಾಯುವ ಕೆಲಸ

ನಮ್ಮ ಮೂಡಿಗೆರೆ ಕಡೆ ಈಗ ಅರೇಬಿಕಾ ಕುಯ್ಲು. ನಾನು ಜರ್ಮನಿಯ ಫ್ರೈಬುರ್ಗ್‌ನಲ್ಲಿ, ಕತ್ತಲೆ ಕೋಣೆಯೊಳಗೆ ಜೀವಕೋಶ ಕಾಯುತ್ತಾ ಕೂತಿದ್ದೇನೆ. ಸೂಕ್ಷ್ಮದರ್ಶಕದ ಸುತ್ತ ಒಂದು ಪೆಟ್ಟಿಗೆ. ಒಳಗೆ 37 ಡಿಗ್ರಿ ಬಿಸಿ, ಶೇ. 5 ಇಂಗಾಲದ ಡೈಆಕ್ಸೈಡ್. ಹೊರಗೆ ಹಿಮ ಸುರಿದರೂ ಅವಕ್ಕೆ ಬೆಚ್ಚಗೆ. ನನಗಿಂತ ಅವೇ ಸುಖವಾಗಿವೆ.

ಬದುಕಿರುವ ಕೋಶ ನೋಡುವುದರಲ್ಲಿ ಒಂದು ಪೇಚಿದೆ. ಚೆನ್ನಾಗಿ ಕಾಣಲೆಂದು ಬೆಳಕು ಹೆಚ್ಚಿಸಿದರೆ ಆ ಬೆಳಕೇ ಅದನ್ನು ಕೊಲ್ಲುತ್ತದೆ. ಬಂದ ಹೊಸದರಲ್ಲಿ, ಚಿತ್ರ ಮಿಂಚಲಿ ಅಂತ ಲೇಸರ್ ಜೋರು ಮಾಡಿಟ್ಟು ಮನೆಗೆ ಹೋದೆ. ಬೆಳಿಗ್ಗೆ ತಟ್ಟೆ ತುಂಬ ಹೆಣ. ಅಂದಿನಿಂದ ಮಂದ ಬೆಳಕೇ. ಮಬ್ಬು ಚಿತ್ರದಲ್ಲಿ ಕೋಶಗಳ ಅಂಚು ಹುಡುಕುವ ಕೆಲಸ ಎಐಗೆ. ನಾವು ಬಳಸುವ ಯು-ನೆಟ್ ಅನ್ನುವ ಎಐ 2015ರಲ್ಲಿ ಇದೇ ಊರಿನ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಕೆಲವೇ ಡಜನ್ ಚಿತ್ರ ಕೊಟ್ಟರೂ ಕಲಿಯುತ್ತದೆ ಅನ್ನುವುದೇ ಅದರ ಹೆಚ್ಚುಗಾರಿಕೆ. ಆದರೆ ಆ ಚಿತ್ರಗಳಲ್ಲಿ ಒಂದೊಂದು ಕೋಶದ ಸುತ್ತಲೂ ಮೊದಲು ಯಾರಾದರೂ ಕೈಯಾರೆ ಗೆರೆ ಎಳೆದು ಕೊಡಬೇಕು. ಅಂದರೆ ನಾನು.

"ಇಷ್ಟು ಓದಿ ಅಲ್ಲಿ ಗೆರೆ ಎಳೀತಿದ್ದೀಯಾ?" ಅಂದಳು ಅಮ್ಮ.

ತೊಡಕು ಇರುವುದೇ ಅಲ್ಲಿ. ತಟ್ಟೆಗೆ ಚಪ್ಪಟೆಯಾಗಿ ಅಂಟಿಕೊಂಡ ಕೋಶ ಒಡೆದು ಎರಡಾಗುವ ಮುಂಚೆ ದುಂಡಗಾಗುತ್ತದೆ. ಸಾಯುವಾಗಲೂ ದುಂಡಗಾಗುತ್ತದೆ. ಒಂದೇ ಚಿತ್ರ ಕೊಟ್ಟು ಹೆರಿಗೆ ಯಾವುದು, ಸಾವು ಯಾವುದು ಅಂದರೆ ಯಂತ್ರ ಎಡವುತ್ತದೆ. ನಾನೂ ಎಡವುತ್ತೇನೆ. ಮೊನ್ನೆ ಇಲ್ಲಿ ಬೆಳಗಿನ ಏಳಕ್ಕೆ, ಅಲ್ಲಿ ಹನ್ನೊಂದೂವರೆಗೆ, ಕಣದಲ್ಲಿ ಕಾಫಿ ಕೈಯಾಡಿಸುತ್ತಿದ್ದ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಒಂದು ದುಂಡು ಕೋಶ ತೋರಿಸಿದೆ.

"ಜೊಳ್ಳು ಹಣ್ಣಾದ್ರೆ ತೊಟ್ಟಿಗೆ ಹಾಕಿದ್ರೆ ತೇಲುತ್ತೆ. ಇದಕ್ಕೇನ್ ಮಾಡ್ತೀಯ?"

"ಕಾಯ್ತೀನಿ," ಅಂದೆ. ಐದು ನಿಮಿಷಕ್ಕೊಂದು ಚಿತ್ರ, ದಿನಕ್ಕೆ 288. ಹಿಂದಿನ ಮುಂದಿನ ಚಿತ್ರಗಳನ್ನು ಕೂಡಿಸಿ ನೋಡುವುದನ್ನು ಯಂತ್ರಕ್ಕೆ ಕಲಿಸಿದ ಮೇಲೆ ತಪ್ಪು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಅಮ್ಮ ನೋಡಿದ ಕೋಶ ಮುಕ್ಕಾಲು ಗಂಟೆಯಲ್ಲಿ ಎರಡಾಯಿತು. ಹತ್ತು ಸೆಕೆಂಡಿನ ವಿಡಿಯೋ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವಳು ಅದನ್ನೇ ಸ್ಟೇಟಸ್‌ಗೆ ಹಾಕಿಕೊಂಡಳು. ಪಕ್ಕದ ತೋಟದ ಅತ್ತೆ ಬೆಳಿಗ್ಗೆ ಎದ್ದವರೇ ಫೋನ್ ಮಾಡಿದರಂತೆ: "ಯಾರದ್ದೇ ಸ್ಕ್ಯಾನಿಂಗು? ಅವಳಿನಾ?"